ಡ್ರೈವರ್ ಸೀಟಿನ ಪಕ್ಕದ ಬುತ್ತಿ

ನಾನು ಮೂರು ಡಬ್ಬಿಗಳ ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿನ ದೊಡ್ಡ ಯಂತ್ರವೊಂದು ಸ್ಟೀಲಿನ ಹಾಳೆಯನ್ನು ಒಂದೇ ಏಟಿಗೆ ಒತ್ತಿ ಡಬ್ಬಿ ಮಾಡಿಬಿಡುತ್ತಿತ್ತು, ಅಳುವುದಕ್ಕೂ ಪುರಸೊತ್ತು ಕೊಡುತ್ತಿರಲಿಲ್ಲ. ಆಮೇಲೆ ನನಗೆ ಪಾಲಿಶ್ ಹಾಕಿ, ಎರಡು ಕಡೆ ಕ್ಲಿಪ್ಪು, ಮೇಲೊಂದು ಹಿಡಿ ಜೋಡಿಸಿ ಪಾತ್ರೆ ಅಂಗಡಿಗೆ ಕಳಿಸಿದರು. ಆಗ ನನಗೆ ನನ್ನ ಅಂದದ ಬಗ್ಗೆ ಸ್ವಲ್ಪ ಜಂಬವಿತ್ತು. ಈಗಲೂ ಇಲ್ಲವೆನ್ನಲಾರೆ.

ಅಂಗಡಿಯಿಂದ ನಾನು ಹೋದದ್ದು ಒಂದು ಮದುವೆಗೆ, ಉಡುಗೊರೆಯಾಗಿ. ಆ ಮನೆಯಲ್ಲಿ ಆಗಲೇ ನನ್ನಂಥವು ರಾಶಿ ಬಿದ್ದಿದ್ದವು. ಅವರು ನನ್ನ ಹೊಟ್ಟೆಗೆ ಒಂದು ತುತ್ತನ್ನೂ ಹಾಕದೆ ಇನ್ನೊಂದು ಮದುವೆಗೆ ಸಾಗಿಸಿದರು. ಅಲ್ಲಿಂದ ಮತ್ತೊಂದಕ್ಕೆ. ಊರೂರ ಊಟದ ಪಂಕ್ತಿಗಳನ್ನೆಲ್ಲ ನೋಡಿದ ನಾನು ಉಪವಾಸವೇ ಇದ್ದೆ. ಕಡೆಗೆ ಗದಗಿನ ನೀಲವ್ವ ಎಂಬಾಕೆ ತನ್ನ ತಮ್ಮನ ಮದುವೆಗೆ ಬಂದ ಪಾತ್ರೆಗಳ ನಡುವೆ ನನ್ನನ್ನು ಕಂಡು, "ಇದು ನಮ್ಮ ಮನಿಗೆ ಬೇಕು" ಎಂದು ಎತ್ತಿ ಬಗಲಲ್ಲಿಟ್ಟುಕೊಂಡಳು.

ಅವಳಿಗೆ ನಾನು ತುರ್ತಾಗಿ ಬೇಕಾಗಿದ್ದೆ. ಅವಳ ಗಂಡ ಫಕೀರಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಗದಗಿನಿಂದ ಹೊಸಪೇಟೆಗೆ ಹೋಗಿ ಬರುವುದು ಅವನ ಕೆಲಸ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ಆ ವಾರವಷ್ಟೇ ಗೊತ್ತಾಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮಾತ್ರಿ ಅರ್ಧಾ ಕೆಲಸ ಮಾಡ್ತದ. ಉಳದಿದ್ದು ನಿಮ್ಮ ಬಾಯಿ, ನಿಮ್ಮ ಕಾಲು ಮಾಡಬೇಕು. ಹಿಂಗ ಬಿಟ್ರ ಕಣ್ಣಿಗೆ ಕುತ್ತು" ಎಂದಿದ್ದರಂತೆ. ಕಣ್ಣು ಎಂದ ಕೂಡಲೇ ಫಕೀರಪ್ಪನಿಗೆ ಹನುಮಂತಪ್ಪನ ನೆನಪಾಯಿತು. ಹನುಮಂತಪ್ಪ ಒಂದು ಕಾಲದಲ್ಲಿ ಡಿಪೋದ ಹೆಸರಾಂತ ಡ್ರೈವರ್. ಇದೇ ಕಾಯಿಲೆಯಿಂದ ಕಣ್ಣು ಮಂಜಾಗಿ, ಡಿಪೋ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಬಸ್ಸುಗಳಿಗೆ ಗೇಟು ತೆಗೆಯುತ್ತಿದ್ದ. ಯುಗಾದಿಯ ನಂತರ ಡ್ರೈವರುಗಳ ವೈದ್ಯಕೀಯ ತಪಾಸಣೆ ಇತ್ತು. ಅದರಲ್ಲಿ ಪಾಸಾಗದಿದ್ದರೆ ಫಕೀರಪ್ಪನ ಕುರ್ಚಿಯೂ ಅಲ್ಲಿಯೇ.

ನೀಲವ್ವ ಮರುದಿನದಿಂದಲೇ ಸೊಂಟ ಕಟ್ಟಿ ನಿಂತಳು. ಮೊದಲು ನನ್ನ ಡಬ್ಬಿಗಳಲ್ಲಿ ದೊಡ್ಡ ವರ್ಗಾವಣೆ ನಡೆಯಿತು. ಕೆಳಗಿನ ದೊಡ್ಡ ಡಬ್ಬಿ ಅನ್ನದ್ದು ಎಂದು ಎಲ್ಲ ಮನೆಗಳಲ್ಲೂ ನಡೆದುಬಂದ ಪದ್ಧತಿ. ಅವಳು ಅದರ ತುಂಬ ಮೆಂತ್ಯದ ಪಲ್ಯ, ಸೌತೆಕಾಯಿ, ಹಸಿ ಸೊಪ್ಪು ತುಂಬಿದಳು. ನಡುವಿನದಕ್ಕೆ ಹೆಸರುಕಾಳಿನ ಉಸಳಿ. ಮೇಲಿನ ಚಿಕ್ಕ ಡಬ್ಬಿಯಲ್ಲಿ ಎರಡು ಮೆತ್ತನೆಯ ಜೋಳದ ರೊಟ್ಟಿ, ನಾಲ್ಕು ಮಡಿಕೆ ಮಾಡಿ. ಅನ್ನಕ್ಕೆ ಹುದ್ದೆಯೇ ಇಲ್ಲ! ನನ್ನನ್ನು ಗಂಡನ ಕೈಗೆ ಕೊಟ್ಟು, "ಹೊತ್ತಿಗೆ ಸರಿಯಾಗಿ ಉಣ್ರಿ" ಎಂದಳು. ಅವನು ನನ್ನನ್ನು ತನ್ನ ಸೀಟಿನ ಪಕ್ಕ, ಎಂಜಿನ್ನಿನ ಬಾನೆಟ್ ಮೇಲೆ ಇಟ್ಟುಕೊಂಡ. ಕೆಳಗಿನಿಂದ ಬೆಚ್ಚಗಿತ್ತು, ಎದುರಿಗೆ ಉದ್ದ ರಸ್ತೆ. ಇಂಥ ಜಾಗ ಯಾವ ಕ್ಯಾರಿಯರಿಗೆ ಸಿಕ್ಕೀತು ಹೇಳಿ.

ಆದರೆ ಕೊಪ್ಪಳ ದಾಟಿದ ಮೇಲೆ ಕೊಟ್ರಣ್ಣನ ಹೋಟೆಲು ಬರುತ್ತಿತ್ತು. ದೂರದ ಬಸ್ಸುಗಳು ನಿಲ್ಲುವ ಹೋಟೆಲುಗಳ ರೀತಿ ನಿಮಗೆ ಗೊತ್ತೇ ಇದೆ. ಬಸ್ಸು ತಂದು ನಿಲ್ಲಿಸುವ ಡ್ರೈವರ್ ಅಲ್ಲಿ ಅಳಿಯನಿದ್ದ ಹಾಗೆ. ದುಡ್ಡು ಎಣಿಸುವ ಗಲ್ಲೆಯ ಹಿಂದೆ ಅವನಿಗೆಂದೇ ಒಂದು ಟೇಬಲ್ಲು. ಕೇಳುವ ಮೊದಲೇ ಉಬ್ಬಿದ ಪೂರಿ, ಸಾಗು, ಮೇಲೆ ಎರಡು ಜಾಮೂನು, ಸಕ್ಕರೆ ಮುಂದಾದ ಚಹಾ. ದುಡ್ಡಿನ ಮಾತೇ ಇಲ್ಲ. ಅಂಥ ಕಡೆ ಮನೆಯ ಬುತ್ತಿ ಬಿಚ್ಚಿದರೆ ಮಾಲೀಕನಿಗೆ ಅವಮಾನ ಮಾಡಿದಂತೆ. ಪಕ್ಕದಲ್ಲಿ ಬೇರೆ ಡ್ರೈವರುಗಳೂ ಇರುತ್ತಾರೆ. ಯಾಕೆ ಏನು ಎಂದು ಕೇಳುತ್ತಾರೆ, ಸುದ್ದಿ ಡಿಪೋಕ್ಕೆ ಮುಟ್ಟುತ್ತದೆ. ಫಕೀರಪ್ಪ ನನ್ನನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ಮಿಸುಕಾಡುತ್ತ ನಿಂತ.

"ಕೈಯಾಗೇನ್ರಿ ಡ್ರೈವರ್ ಸಾಹೇಬ್ರ?" ಎಂದ ಕೊಟ್ರಣ್ಣ.

"ನಮ್ಮಾಕಿ ನಿಮಗಂತ ಕಟ್ಟಿ ಕೊಟ್ಟಾಳ, ಕೊಟ್ರಣ್ಣ. ದಿನಾ ನನಗ ಉಣ್ಣಾಕ ಹಾಕ್ತೀರಲ್ಲ, ಅದಕ್ಕ."

ನಾನು ದಂಗಾದೆ. ಎಷ್ಟು ಸಲೀಸಾಗಿ ಸುಳ್ಳು ಹೇಳಿಬಿಟ್ಟ! ಕೊಟ್ರಣ್ಣ ಅಲ್ಲೇ ನನ್ನ ಕ್ಲಿಪ್ಪು ತೆಗೆದ. ರೊಟ್ಟಿ ಕಂಡು ಅವನ ಕಣ್ಣು ಅರಳಿತು. ಯಾಕೆಂದರೆ, ಯಾರಿಗೂ ಹೇಳದ ಒಂದು ಸಂಗತಿ ಅವನಿಗೂ ಇತ್ತು. ಅವನಿಗೂ ಸಕ್ಕರೆ ಕಾಯಿಲೆ. ಹೋಟೆಲಿನವನಿಗೇ ಸಕ್ಕರೆ ಎಂದು ಗೊತ್ತಾದರೆ ಗಿರಾಕಿಗಳು ಜಾಮೂನು ತಿಂದಾರೆಯೇ ಎಂದು ಬಚ್ಚಿಟ್ಟು, ಪೂರಿಯನ್ನೇ ತಿನ್ನುತ್ತಿದ್ದ. ಆ ದಿನ ರೊಟ್ಟಿ, ಪಲ್ಯ, ಕಾಳು ಎಲ್ಲವನ್ನೂ ಬಳಿದು ಉಂಡ. ಗಲ್ಲೆಯ ಹಿಂದೆ ಫಕೀರಪ್ಪ ಎರಡನೆಯ ಜಾಮೂನು ನುಂಗುತ್ತಿದ್ದ.

ಅಂದಿನಿಂದ ಅದೇ ರೂಢಿಯಾಯಿತು. ನೀಲವ್ವ ಕಟ್ಟುವಳು, ಕೊಟ್ರಣ್ಣ ಉಣ್ಣುವನು, ಫಕೀರಪ್ಪ ಖಾಲಿ ಕ್ಯಾರಿಯರ್ ಹಿಡಿದು ಮನೆಗೆ ಬರುವನು. ಖಾಲಿ ಡಬ್ಬಿ ನೋಡಿ ನೀಲವ್ವನಿಗೆ ಹಿಗ್ಗೋ ಹಿಗ್ಗು. ಆದರೆ ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಮೊದಲಿಗಿಂತ ಏರಿತ್ತು. ನೀಲವ್ವ ಎಣ್ಣೆ ಇನ್ನಷ್ಟು ಕಡಿಮೆ ಮಾಡಿದಳು, ಶೇಂಗಾ ಚಟ್ನಿ ಬಿಟ್ಟಳು. ಮತ್ತೂ ಇಳಿಯಲಿಲ್ಲ. ಒಂದು ಸಂಜೆ ನನ್ನನ್ನು ತಿಕ್ಕುತ್ತ ತಿಕ್ಕುತ್ತ, "ನನ್ನ ಕೈ ಅಡಗಿಯೊಳಗ ಏನೋ ದೋಷ ಐತಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕಣ್ಣೊರೆಸಿಕೊಂಡಳು. ನನಗೆ ಬಾಯಿಲ್ಲದ್ದಕ್ಕೆ ಅವತ್ತು ನಿಜವಾಗಿ ಸಂಕಟವಾಯಿತು. ಫಕೀರಪ್ಪನ ಮೇಲೆ ಸಿಟ್ಟೂ ಬಂತು. ಆ ಮಾತು ಅವನಿಗೂ ಕೇಳಿಸಿತ್ತು. ತಲೆ ತಗ್ಗಿಸಿಕೊಂಡು ಹೊರಗೆ ಹೋದ.

ಗುಟ್ಟು ಬಯಲು ಮಾಡಿದ್ದು ಕೊಟ್ರಣ್ಣನ ಒಳ್ಳೆಯತನ. ಫಕೀರಪ್ಪನಿಗೆ ರಜೆ ಇದ್ದ ದಿನ ಕೊಟ್ರಣ್ಣ ಗದಗಿನ ಡಾಕ್ಟರಲ್ಲಿಗೆ ಬಂದವನು, ಒಂದು ಚೀಲ ತಾಜಾ ಸೊಪ್ಪು ಹಿಡಿದುಕೊಂಡು ನೇರ ಮನೆಗೇ ಬಂದ. ನಾನು ಕಟ್ಟೆಯ ಮೇಲೆ ಬೋರಲು ಬಿದ್ದು ಒಣಗುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಪಡಸಾಲೆಯಲ್ಲಿದ್ದರು.

"ವೈನಿ, ನಿಮ್ಮ ರೊಟ್ಟಿ ಉಂಡು ನನ್ನ ಸಕ್ಕರಿ ಇಳದೈತ್ರಿ!" ಎಂದ ಅವನು, ಕೈ ಮುಗಿದು. "ಇವತ್ತ ಡಾಕ್ಟರ್ ಬೆನ್ನ ಚಪ್ಪರಿಸಿದ್ರು. ಒಂದ ದಿನಾನೂ ತಪ್ಪಸಲಾರದ ಕಳಿಸೀರಿ. ನಿಮ್ಮ ಉಪಕಾರ ಹೆಂಗ ಮರೀಲಿ?"

ನೀಲವ್ವ ಗಂಡನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ.

"ನಾ ಕಟ್ಟಿದ್ದು ಇವರಿಗ್ರಿ" ಎಂದಳು ಅವಳು. "ಇವರಿಗೂ ಸಕ್ಕರಿ ಐತಿ."

ಕೊಟ್ರಣ್ಣ ಸೊಪ್ಪಿನ ಚೀಲ ಕೆಳಗಿಟ್ಟ. "ಏ ಫಕೀರಪ್ಪ, ನಿನ್ನ ಔಷಧ ನಾ ಉಂಡ್ನೇನೋ? ಮ್ಯಾಲೆ ನಿನಗ ಕೈಯಾರೆ ಜಾಮೂನು ಹಾಕೀನಲ್ಲೋ!"

ಅವನು ಹೋದ ಮೇಲೆ ನೀಲವ್ವ ಕೂಗಾಡಲಿಲ್ಲ. ನನ್ನನ್ನು ತಂದು ಗಂಡನ ಮುಂದೆ ಇಟ್ಟಳು. "ಡಬ್ಬಿ ಬಿಚ್ಚಾಕ ನಾಚಿಕಿ ಬಂತೇನ್ರಿ? ನಾಳೆ ಸ್ಟೇರಿಂಗ್ ಕಸಗೊಂಡು ಗೇಟಿನ ಬಾಜೂಕ ಕುಂದ್ರಿಸಿದ್ರ ಆಗ ಬರೂದಿಲ್ಲೇನು ನಾಚಿಕಿ? ನನ್ನ ಅಡಗಿ ಚಲೋ ಇಲ್ಲಂತ ನಾ ಅತ್ತೀನಿ, ಗೊತ್ತೈತೇನು?"

"ಗೊತ್ತೈತಿ" ಎಂದ ಫಕೀರಪ್ಪ. "ತಪ್ಪಾತು, ನೀಲಾ."

ತಪ್ಪು ಒಪ್ಪಿಕೊಂಡವನು ಮರುದಿನವೇ ಇನ್ನೊಂದು ಅವಾಂತರ ಮಾಡಿದ. ತಿಂದು ಕೆಡಿಸಿಕೊಂಡದ್ದನ್ನು ಉಪವಾಸವಿದ್ದು ಸರಿ ಮಾಡುವೆನೆಂದು ಹೊರಟ. ಮಾತ್ರೆ ನುಂಗಿದ, ನಾಷ್ಟಾ ಮಾಡಲಿಲ್ಲ. ಅರ್ಧ ದಾರಿಯಲ್ಲಿ ಅವನ ಹಣೆಯಿಂದ ಬೆವರು ನನ್ನ ಮುಚ್ಚಳದ ಮೇಲೆ ತೊಟ್ಟಿಕ್ಕಿತು. ಗೇರು ಹಿಡಿದ ಕೈ ಗಡಗಡ ನಡುಗುತ್ತಿತ್ತು. ಹಿಂದೆ ಬಸ್ಸಿನ ತುಂಬ ಜನ, ಎದುರಿನಿಂದ ಲಾರಿಗಳು. ಪುಣ್ಯಕ್ಕೆ ಅವನಿಗೆ ತಿಳಿವಿತ್ತು. ಬಸ್ಸನ್ನು ಮೆಲ್ಲಗೆ ಎಡಕ್ಕೆ ತಂದು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟ.

ಕಂಡಕ್ಟರ್ ಸುಮಿತ್ರಾ ಓಡಿ ಬಂದಳು. "ಯಾಕ ಫಕೀರಣ್ಣ, ಏನಾತು?"

"ಸಕ್ಕರಿ ಐತಿ ತಂಗಿ ನನಗ. ಮಾತ್ರಿ ತಗೊಂಡೀನಿ, ಉಂಡಿಲ್ಲ. ಸಕ್ಕರಿ ಒಮ್ಮಿಗೆ ಇಳದಂಗ ಕಾಣ್ತದ" ಎಂದ. ಇಷ್ಟು ದಿನ ಬಚ್ಚಿಟ್ಟ ಮಾತು ಬಸ್ಸಿಗೆಲ್ಲ ಕೇಳಿಸಿತು.

ಮುಂದಿನ ಸೀಟಿನ ಮುದುಕಿಯೊಬ್ಬಳು ಸೆರಗಿನ ಗಂಟಿನಿಂದ ಬೆಲ್ಲದ ಹೆಂಟೆ ಬಿಚ್ಚಿ, "ಮೊದ್ಲ ಇದನ್ನ ಬಾಯಾಗ ಹಾಕ್ಕೊ ನನ್ನಪ್ಪ" ಎಂದಳು. ಸುಮಿತ್ರಾ ನೀರು ಕೊಟ್ಟಳು. ನಡುಕ ನಿಂತ ಮೇಲೆ ಅವನು ನನ್ನ ಕ್ಲಿಪ್ಪು ತೆಗೆದ. ಅಲ್ಲೇ, ಬಾನೆಟ್ ಮೇಲೆ, ಎಲ್ಲರ ಎದುರಿಗೆ. ಹಿಂದಿನಿಂದ ಯಾರೋ, "ಸಾವಕಾಶ ಉಣ್ರಿ ಡ್ರೈವರ್ ಸಾಹೇಬ್ರ, ಹೊಸಪ್ಯಾಟಿ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದರು. ಬಸ್ಸೆಲ್ಲ ನಕ್ಕಿತು. ಫಕೀರಪ್ಪನೂ ನಕ್ಕ. ನೀಲವ್ವ ಕಟ್ಟಿದ ಬುತ್ತಿ ಅವನ ಹೊಟ್ಟೆಗೆ ಹೋದದ್ದು ಅದೇ ಮೊದಲು. ನನಗಂತೂ ಕೊಟ್ಟ ಕೆಲಸ ಅವತ್ತು ಮಾಡಿದಂತಾಯಿತು. ಮೈ ಪೂರ್ತಿ ಸರಿಹೋಯಿತೆಂದು ಖಾತ್ರಿಯಾದ ಮೇಲೆಯೇ ಅವನು ಬಸ್ಸು ಎತ್ತಿದ.

ಆಮೇಲೆ ಏನು ಕೇಳುತ್ತೀರಿ, ಎಲ್ಲ ಸರಾಗ. ಡಾಕ್ಟರು ಉಪವಾಸದ ವಿಷಯ ಕೇಳಿ ಚೆನ್ನಾಗಿ ಬೈದು, ಉಣ್ಣುವ ಹೊತ್ತು ಗೊತ್ತು ಮಾಡಿಕೊಟ್ಟರು. ಕೊಟ್ರಣ್ಣ ಡ್ರೈವರುಗಳ ಟೇಬಲ್ಲಿಗೆ ರೊಟ್ಟಿ, ಕಾಳಿನ ಪಲ್ಯ, ಸಕ್ಕರೆಯಿಲ್ಲದ ಚಹಾ ಶುರು ಮಾಡಿದ. ಪೂರಿಯ ಪ್ಲೇಟು ಪಕ್ಕಕ್ಕೆ ಸರಿಸಿ ಸದ್ದಿಲ್ಲದೆ ರೊಟ್ಟಿ ಕೇಳಿದ ಡ್ರೈವರುಗಳನ್ನು ನೋಡಿ, ಗುಟ್ಟು ಫಕೀರಪ್ಪ ಒಬ್ಬನದೇ ಆಗಿರಲಿಲ್ಲ ಎಂದು ನನಗೆ ತಿಳಿಯಿತು. ಊಟವಾದ ಮೇಲೆ ಫಕೀರಪ್ಪ, ಕೊಟ್ರಣ್ಣ ಇಬ್ಬರೂ ನಿಂತ ಬಸ್ಸಿನ ಸುತ್ತ ಬಿರುಸಾಗಿ ಸುತ್ತು ಹಾಕುವರು. ಹೊಸ ಪ್ರಯಾಣಿಕರು ಟೈರು ಪರೀಕ್ಷೆ ನಡೆದಿದೆ ಎಂದುಕೊಳ್ಳುವರು. ಸಂಜೆ ನೀಲವ್ವ ಡಿಪೋ ಗೇಟಿಗೆ ಬರುತ್ತಿದ್ದಳು. ಮೊದಲು ಆಟೋದಲ್ಲಿ ಹೋಗುತ್ತಿದ್ದ ದಾರಿಯನ್ನು ಗಂಡ ಹೆಂಡತಿ ಮಾತಾಡುತ್ತ ನಡೆದೇ ಹೋಗುತ್ತಿದ್ದರು. ಮಳೆ ಬಂದರೆ ಕೊಡೆ ಹಿಡಿದು. ನಾನು ಅವನ ಕೈಯಲ್ಲಿ ತೂಗಾಡುತ್ತ, ಪುಕ್ಕಟೆಯಾಗಿ.

ಯುಗಾದಿ ಕಳೆದು ತಪಾಸಣೆಯ ದಿನ ಬಂತು. ನಾನೂ ಜೊತೆಗಿದ್ದೆ. ಕಣ್ಣಿನ ಪರೀಕ್ಷೆಯ ಹಲಗೆಯ ಕೊನೆಯ ಸಾಲನ್ನು ಅವನು ತಡವರಿಸದೆ ಓದಿದ. ರಕ್ತದ ಸಕ್ಕರೆ ಇಳಿದಿತ್ತು. ಡಾಕ್ಟರು, "ಕಾಯಿಲೆ ಹೋಗಿಲ್ಲ, ಹಿಡಿತಕ್ಕೆ ಬಂದಿದೆ. ಹಿಡಿತ ಬಿಡಬೇಡಿ" ಎಂದರು.

"ಸ್ಟೇರಿಂಗ್ ಹಿಡಿಯಾವ್ರಿಗೆ ಅದನ್ನ ಹೇಳಬೇಕೇನ್ರಿ, ಸರ?" ಎಂದ ಫಕೀರಪ್ಪ.

ಅವನ ಜೊತೆ ನಾನು ಬಹಳ ವರ್ಷ ಓಡಾಡಿದೆ. ಹಬ್ಬದಲ್ಲಿ ಒಮ್ಮೊಮ್ಮೆ ಹೋಳಿಗೆಯೂ ನನ್ನೊಳಗೆ ಬಂದದ್ದುಂಟು, ಅಂಗೈಯಗಲದ್ದು ಮಾತ್ರ. ಈಗ ನನ್ನ ಒಂದು ಕ್ಲಿಪ್ಪು ಹಾರಿಹೋಗಿದೆ, ತಳ ಸೊಟ್ಟಗಾಗಿದೆ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಆರಾಮವಾಗಿ ಕೂತಿದ್ದೇನೆ. ಇಲ್ಲಿ ಕೂತು ಹೆಚ್ಚಾಗಿ ನೆನೆಯುವುದು ಫಕೀರಪ್ಪ ನಿವೃತ್ತನಾದ ದಿನವನ್ನು.

ಆ ಸಂಜೆ ಹೊಸಪೇಟೆಯಿಂದ ಬಂದ ಬಸ್ಸನ್ನು ಡಿಪೋ ಗೇಟಿನೊಳಗೆ ಅವನೇ ಓಡಿಸಿಕೊಂಡು ಬಂದ. ಹಿಂದೆ ಹನುಮಂತಪ್ಪ ಕೂರುತ್ತಿದ್ದ ಗೇಟಿನ ಪಕ್ಕದ ಕುರ್ಚಿ ದಾಟುವಾಗ ಒಂದು ಸಲ ಹಾರ್ನ್ ಹೊಡೆದ. ಜೊತೆಯವರು ಕೊರಳಿಗೆ ಗುಲಾಬಿ ಹಾರ ಹಾಕಿ, ಮನೆಗೆ ಕಳಿಸಲು ಹೂ ಕಟ್ಟಿದ ಜೀಪು ತಂದು ನಿಲ್ಲಿಸಿದ್ದರು. ಫಕೀರಪ್ಪ ಜೀಪು ನೋಡಿದ, ಗೇಟಿನಲ್ಲಿ ಎಂದಿನಂತೆ ಕಾಯುತ್ತಿದ್ದ ನೀಲವ್ವನನ್ನು ನೋಡಿದ.

"ಜೀಪ್ ಹಿಂದಿಂದ ಬರಲಿ" ಎಂದು ನನ್ನನ್ನು ಎತ್ತಿಕೊಂಡ.

ಗದಗಿನ ಪೇಟೆಯ ನಡುವೆ ಹಾರ ಹಾಕಿಕೊಂಡ ಡ್ರೈವರ್ ಹೆಂಡತಿಯ ಜೊತೆ ಬೀಸುಗಾಲು ಹಾಕಿ ನಡೆದ. ಹಿಂದೆ ಖಾಲಿ ಜೀಪು ಮೊದಲ ಗೇರಿನಲ್ಲಿ ಗುರುಗುಟ್ಟುತ್ತ ಬಂತು. ಮನೆ ಮುಟ್ಟಿದಾಗ ಅವನಿಗೆ ಏದುಸಿರೂ ಇರಲಿಲ್ಲ.