ನೂರು ವರ್ಷದ ಪುರಾವೆ

ಬೀಜಾಡಿಯ ಕಡಲತಡಿಯಲ್ಲಿ ಆ ಮಳೆಗಾಲ ಆರು ಮನೆಗಳು ನೀರುಪಾಲಾದಾಗ, ಆರು ಸಂಸಾರಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದು ಬಿದ್ದದ್ದು ವನಜಳ ತಲೆಯ ಮೇಲೆ. ಅವಳು ಮೀನು ಮಾರುವ ಹೆಂಗಸರ ಸಂಘದ ಅಧ್ಯಕ್ಷೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಇಪ್ಪತ್ತೈದು ವರ್ಷ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಸಂಘಕ್ಕಿದ್ದ ಆಸ್ತಿ ಹೊಳೆದಂಡೆಯ ಹಳೇ ಗೋದಾಮು ಒಂದೇ. ಮಂಜಿ ಎಂಬ ಹಾಯಿಹಡಗುಗಳು ಬೊಂಬಾಯಿಗೆ ಅಕ್ಕಿ, ಹಂಚು ಹೊತ್ತು ಹೋಗುತ್ತಿದ್ದ ಕಾಲದ್ದು; ಎರಡು ಮೊಳ ದಪ್ಪದ ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು. ಒಳಗೆ ಉಪ್ಪಿನ ಮೂಟೆ, ಮಂಜುಗಡ್ಡೆಯ ಪೆಟ್ಟಿಗೆ ಇಡುತ್ತಿದ್ದರು. ಅಡ್ಡಗೋಡೆ ಎಬ್ಬಿಸಿದರೆ ಆರು ಮನೆಗೆ ಸಾಕಾಗುವಷ್ಟು ಜಾಗ.

ಹೋಟೆಲು ಇಟ್ಟುಕೊಂಡಿದ್ದ ಗೋವರ್ಧನ ಶೆಟ್ಟರು ಆಗಲೇ ಸರ್ಕಾರದ ಒಂದು ಸುತ್ತೋಲೆಯ ವಿಷಯ ಹೇಳಿದ್ದು. ನೂರು ವರ್ಷ ದಾಟಿದ ಕಟ್ಟಡವನ್ನು ಕೆಡವದೆ ವಾಸದ ಮನೆ ಮಾಡಿಕೊಂಡರೆ ಹತ್ತು ವರ್ಷ ಕಟ್ಟಡ ತೆರಿಗೆ ಇಲ್ಲ, ಪರವಾನಿಗೆಗೆ ಶುಲ್ಕವೂ ಇಲ್ಲ. ಬಾರ್ಕೂರಿನಲ್ಲಿರುವ ತಮ್ಮ ಹಳೇ ಮನೆಗೆ ಅವರೂ ಅರ್ಜಿ ಹಾಕುವವರಿದ್ದರು. ಸುತ್ತೋಲೆಯ ಒಂದು ಪ್ರತಿಯನ್ನು ತಾವೇ ಜೆರಾಕ್ಸ್ ಮಾಡಿಸಿ ಅವಳಿಗೆ ಕೊಟ್ಟರು. ವನಜ ಬೆರಳು ಮಡಚಿ ಲೆಕ್ಕ ಹಾಕಿದಳು: ಆ ತೆರಿಗೆ ಉಳಿದರೆ ಮನೆಗೊಂದು ಪಾಯಖಾನೆ ಕಟ್ಟಿಸಬಹುದು.

ಅರ್ಜಿ ಕೊಟ್ಟು ಮೂರು ತಿಂಗಳಿಗೆ ತಾಲೂಕು ಕಚೇರಿಯಿಂದ ಕಾಗದ ಬಂತು. ಕಟ್ಟಡವು ನೂರು ವರ್ಷಕ್ಕೂ ಹಳೆಯದಾಗಿದ್ದು ಶಿಥಿಲವಾಗಿರುವ ಸಂಭವವಿರುವುದರಿಂದ ವಾಸಕ್ಕೆ ಅನುಮತಿಸಲು ಬರುವುದಿಲ್ಲ ಎಂದು ಅದರಲ್ಲಿತ್ತು. ವನಜ ಬ್ರಹ್ಮಾವರದ ಇಂಜಿನಿಯರ್ ರತನ್‌ನನ್ನು ಕರೆತಂದಳು. ಅವನು ಗೋಡೆಗೆ ಸುತ್ತಿಗೆಯಿಂದ ಬಡಿದು ನೋಡಿ, ಈಗಿನವರು ಕಟ್ಟುವ ಗೋಡೆಗಿಂತ ಇದು ಗಟ್ಟಿ ಎಂದು ಬರೆದುಕೊಟ್ಟ. ಅದನ್ನು ಲಗತ್ತಿಸಿ ಮತ್ತೆ ಅರ್ಜಿ. ಈ ಸಲ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಕಟ್ಟಡಕ್ಕೆ ನೂರು ವರ್ಷವಾಗಿದೆ ಎನ್ನುವುದಕ್ಕೆ ಪುರಾವೆ ಇಲ್ಲವಾದ್ದರಿಂದ ರಿಯಾಯಿತಿಗೆ ಅರ್ಹವಲ್ಲ ಎಂದಿತ್ತು.

ಸಂಘದ ಕ್ರಯಪತ್ರದಲ್ಲಿ ‘ಹಳೇ ಗೋದಾಮು’ ಎಂದಷ್ಟೇ ಇತ್ತು, ಇಸವಿ ಇರಲಿಲ್ಲ. ವನಜ ಎರಡು ಬಸ್ಸು ಬದಲಿಸಿ ಎಂಬತ್ತನಾಲ್ಕರ ಚಂದಯ್ಯನನ್ನು ಹುಡುಕಿಕೊಂಡು ಹೋದಳು. ಅವನ ಅಪ್ಪ ಮಂಜಿ ನಡೆಸುವ ತಂಡೇಲನಾಗಿದ್ದವನು. ಅಪ್ಪ ಮದುವೆಗೆ ಮುಂಚೆಯೇ ಆ ಗೋದಾಮಿನಿಂದ ಅಕ್ಕಿ ತುಂಬುತ್ತಿದ್ದ ಎಂದು ಚಂದಯ್ಯ ಹೇಳಿದ, ವಕೀಲರ ಮುಂದೆ ಹೆಬ್ಬೆಟ್ಟನ್ನೂ ಒತ್ತಿದ. ಬಾಯಿಮಾತು ನಡೆಯುವುದಿಲ್ಲ ಎಂದು ಕಚೇರಿ ಅದನ್ನು ವಾಪಸು ಮಾಡಿತು.

ಅಷ್ಟರಲ್ಲಿ ಜೂನ್ ಬಂತು. ಸಂಸಾರಗಳು ಅಲ್ಲಿಯವರೆಗೆ ಇದ್ದದ್ದು ಶಾಲೆಯ ಹಳೇ ಕೋಣೆಗಳಲ್ಲಿ; ಅವನ್ನು ದುರಸ್ತಿ ಮಾಡಬೇಕು, ಬಿಡಿ ಎಂದರು ಹೆಡ್ಮಾಸ್ಟರು. ಬೇರೆ ದಾರಿ ಕಾಣದೆ ಎಲ್ಲರೂ ಪಾತ್ರೆಪಗಡೆ ಹೊತ್ತು ಗೋದಾಮಿಗೆ ಬಂದರು. ಅವರಲ್ಲಿ ಸುಂದರಿ ಎಂಬವಳ ಮೊಮ್ಮಗುವಿಗೆ ಮೂರು ತಿಂಗಳು. ಮೊದಲ ಮಳೆಗೇ ಪಡುವಣ ಮೂಲೆಯ ಹಂಚು ಹಾರಿ, ತೊಟ್ಟಿಲೊಳಗೆ ನೀರು ಸುರಿಯಿತು.

“ಮಗಿನ್ ತಕಂಡ್ ನಾ ಎಲ್ಲ್ ಹೋಪ್ದ್, ವನಜಕ್ಕ?” ಎಂದಳು ಸುಂದರಿ.

ವನಜ ಆ ದಿನವೇ ತಗಡು ತರಿಸಿ ಆ ಮೂಲೆಗೆ ಹೊದೆಸಿದಳು. ಹದಿನೈದು ದಿನ ಬಿಟ್ಟು ತನಿಖೆಗೆ ಬಂದ ನೌಕರ ಒಳಗಿದ್ದವರನ್ನು ನೋಡಲಿಲ್ಲ, ತಲೆಯೆತ್ತಿ ಛಾವಣಿಯನ್ನು ಮಾತ್ರ ನೋಡಿದ. ತಗಡು ಹಾಕಿದ್ದರಿಂದ ಕಟ್ಟಡ ಮೂಲರೂಪ ಕಳೆದುಕೊಂಡಿದೆ ಎಂದು ಬರೆದುಕೊಂಡು ಹೋದ.

ದೀಪಾವಳಿಯ ಹೊತ್ತಿಗೆ ಗೋವರ್ಧನ ಶೆಟ್ಟರ ಬಾರ್ಕೂರಿನ ಮನೆಗೆ ತೆರಿಗೆ ಮಾಫಿಯಾದ ಸುದ್ದಿ ಬಂತು. ವನಜ ಹೋಗಿ ನೋಡಿದಳು. ಕಂಬಗಳಿಗೆ ಹೊಸ ಎಣ್ಣೆ, ಅಂಗಳದಲ್ಲಿ ಹೊರರಾಜ್ಯದ ಎರಡು ಕಾರು. ಶೆಟ್ಟರು ಕೂರಿಸಿ, ಬೆಲ್ಲ ನೀರು ಕೊಡಿಸಿದರು. ಹೇಗಾಯಿತು ಎಂದು ಅವಳು ಕೇಳಿದ್ದಕ್ಕೆ ಮುಚ್ಚುಮರೆ ಮಾಡಲಿಲ್ಲ.

“ಒಂದ್ ಹಂಚ್ ತೆಗುಕ್ ಮೊದ್ಲೇ ಫೋಟೊ ತೆಗ್ಸಿ ಇಟ್ಟಿದ್ದೆ. ಮಂಗ್ಳೂರಿನರ್ ಒಬ್ರ್ ಬಂದ್ ಕಾಗ್ದ ಎಲ್ಲ ಮಾಡ್ಕೊಟ್ರ್. ನಾ ಎಂತ ಮೋಸ ಮಾಡ್ಲಿಲ್ಲ, ವನಜಕ್ಕ.”

“ವಾಸದ ಮನಿ ಅಂದೇಳಿ ಬರ್ಸಿದ್ರಿ. ಇಲ್ಲ್ ವಾಸ ಇಪ್ಪುದ್ ಯಾರ್?”

“ಬಾಡಿಗಿಗೆ ಜನ ಬತ್ರಲೆ.”

“ಎರಡ್ ದಿನ ಇದ್ ಹೋಪರಾ, ಶೆಟ್ರೆ?”

ಶೆಟ್ಟರು ಮಾತು ಬದಲಿಸಿದರು. ಗೋದಾಮನ್ನು ತಮಗೇ ಕೊಟ್ಟರೆ ಆರೂ ಸಂಸಾರಕ್ಕೆ ಬೇರೆ ಕಡೆ ಜಾಗ ನೋಡಿಕೊಡುತ್ತೇನೆ ಎಂದರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ವನಜಳಿಗೆ ಅದರಿಂದಲೇ ಇನ್ನಷ್ಟು ಸಿಟ್ಟು ಬಂತು. ಹೊಳೆದಂಡೆ ಬಿಟ್ಟು ಮೀನಿನವರು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಎದ್ದಳು.

ಏಪ್ರಿಲ್‌ನಲ್ಲಿ ಅವಳು ಕಚೇರಿಯ ಮೇಲಧಿಕಾರಿಯ ಮುಂದೆ ನಿಂತು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟಳು. ಅಧಿಕಾರಿ ಘಟ್ಟದ ಮೇಲಿನವರು, ಹೊಸಬರು. ನೂರು ವರ್ಷಕ್ಕೂ ಹಳೆಯದು ಎಂದು ಒಂದರಲ್ಲಿ. ನೂರಾಗಿದೆ ಎನ್ನಲು ಪುರಾವೆಯಿಲ್ಲ ಎಂದು ಇನ್ನೊಂದರಲ್ಲಿ. ಎರಡಕ್ಕೂ ಒಂದೇ ಮೊಹರು. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

“ತಪ್ಪು ನಮ್ಮದೇ ಅಮ್ಮ. ಆದರೆ ಸುತ್ತೋಲೆಯ ಅವಧಿ ಮಾರ್ಚಿಗೆ ಮುಗಿಯಿತಲ್ಲ.”

“ನಾ ಅರ್ಜಿ ಕೊಟ್ಟ್ ಎರಡ್ ವರ್ಷ ಆಯ್ತಾ ಬಂತಲೆ.”

“ಕೊಟ್ಟರೆ ಆಗೋದಿಲ್ಲ. ಮಾರ್ಚಿನೊಳಗೆ ಮಂಜೂರಾಗಿರಬೇಕು.”

ವನಜ ಎರಡೂ ಕಾಗದಗಳನ್ನು ಮತ್ತೆ ಅವರತ್ತ ಸರಿಸಿದಳು. ಈಗ ಹೇಳಿದ್ದನ್ನೇ ಬರೆದುಕೊಡಿ ಎಂದಳು. ಅವರು ಬರೆದುಕೊಡಲಿಲ್ಲ.

ಮೇ ತಿಂಗಳಲ್ಲಿ ಗೋದಾಮಿನ ದರದಲ್ಲಿ, ಎಂದರೆ ವ್ಯಾಪಾರದ ಕಟ್ಟಡದ ದರದಲ್ಲಿ ತೆರಿಗೆಯ ನೋಟಿಸು ಬಂತು. ವನಜ ಹಿಂದಿನ ಬಾಕಿ ಕಟ್ಟಿದಳು. ಹೊಸದನ್ನು ಮಾತ್ರ ಕಟ್ಟಲಾರೆ, ಗೋದಾಮು ಎಲ್ಲಿದೆಯೆಂದು ಬಂದು ತೋರಿಸಿ ಎಂದು ಬರೆದು ರಿಜಿಸ್ಟರ್ ಅಂಚೆಯಲ್ಲಿ ಹಾಕಿದಳು. ಬಂದದ್ದು ಹೊಸದಾಗಿ ಕೆಲಸಕ್ಕೆ ಸೇರಿದ ಚಂದನಾ ಎಂಬ ಹುಡುಗಿ. ಅವಳು ಆರು ಒಲೆ ಎಣಿಸಿದಳು, ಹಗ್ಗದ ಮೇಲಿನ ಬಟ್ಟೆ ನೋಡಿದಳು, ಮಗುವಿನ ಹೆಸರು ಕೇಳಿದಳು. ನಿಂತಲ್ಲೇ ‘ವಾಸದ ಮನೆ’ ಎಂದು ಬರೆದಳು. ಮಾಫಿ ಇಲ್ಲ, ಎಲ್ಲರ ಮನೆಗೂ ಇರುವ ತೆರಿಗೆಯಷ್ಟೇ.

ಸುಂದರಿ ಅದನ್ನೇ ದೊಡ್ಡ ಗೆಲುವೆಂದು ಪಾಯಸ ಮಾಡಿ ಹಂಚಿದಳು. ವನಜ ಒಂದು ಲೋಟ ಕುಡಿದಳು. ಎರಡು ವರ್ಷದ ಬಸ್ಸು ಚಾರ್ಜು, ವಕೀಲರ ಫೀಸು, ಹಿಂದಿನ ಬಾಕಿ ಎಲ್ಲ ಕಳೆದು ಸಂಘದಲ್ಲಿ ಉಳಿದ ದುಡ್ಡಿಗೆ ಕಟ್ಟಲಾದದ್ದು ಎರಡೇ ಪಾಯಖಾನೆ. ಬೆಳಿಗ್ಗೆ ಬಂದರಿಗೆ ಹೊರಡುವ ಹೊತ್ತಿಗೆ ಆರು ಮನೆಯ ಹೆಂಗಸರು ಚೆಂಬು ಹಿಡಿದು ಅವುಗಳ ಮುಂದೆ ಸಾಲು ನಿಲ್ಲುತ್ತಿದ್ದರು. ಆ ಸಾಲನ್ನು ದಾಟಿ ಹೋಗುವಾಗಲೆಲ್ಲ ವನಜಳ ಹೆಜ್ಜೆ ಬಿರುಸಾಗುತ್ತಿತ್ತು.