ನಲವತ್ತು ಅಂಕಿ

ಕೀಲಿ ಸಿಕ್ಕಿದಾಗ ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಪರದೆಯ ಮೇಲಿದ್ದ ನಲವತ್ತು ಅಂಕಿಗಳನ್ನು ಹಳೆಯ ಅಭ್ಯಾಸದಂತೆ ಒಂದು ಹಾಳೆಗೆ ಪೆನ್ಸಿಲಿನಲ್ಲಿ ಇಳಿಸಿಕೊಂಡಳು. "ಭಗವಂತ, ಕಣ್ಣು ಬಿಟ್ಟೆಯಲ್ಲ" ಎಂದಳು. ಅವಳು ಮನುಷ್ಯರ ಡಾಕ್ಟರಲ್ಲ. ಕಂಪ್ಯೂಟರಿಗೆ ತಗಲುವ ವೈರಸ್ಸುಗಳಿಗೆ ಇಪ್ಪತ್ತು ವರ್ಷದಿಂದ ಮದ್ದು ಹುಡುಕುತ್ತ ಬಂದವಳು. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು.

ಈ ಸಲದ್ದು ಇದ್ದಬದ್ದ ಕಡತಗಳಿಗೆಲ್ಲ ಬೀಗ ಜಡಿದು, ಹಣ ಕೊಟ್ಟರೆ ಕೀಲಿ ಕೊಡುತ್ತೇನೆ ಎನ್ನುವ ಜಾತಿಯದು. ಬರೆದ ಪುಣ್ಯಾತ್ಮ ಸೋಮಾರಿ, ಎಲ್ಲರಿಗೂ ಒಂದೇ ಕೀಲಿ ಇಟ್ಟಿದ್ದ. ಕೀಲಿ ಕೇಳುವ ಚೌಕದಲ್ಲಿ ಈ ಅಂಕಿಗಳನ್ನು ಒತ್ತಿದರೆ ಸಾಕಿತ್ತು.

ಈ ವೈರಸ್ಸಿನ ಮಾದರಿಯನ್ನು ಮೊದಲು ಕಳಿಸಿದವಳು ಒಂದು ಡಯಾಲಿಸಿಸ್ ಕೇಂದ್ರದ ನರ್ಸ್. ಅವರು ಬಳಸುವುದು ಡಾಕ್ಟ್ರಮ್ಮನ ಕಂಪನಿಯ ಉಚಿತ ತಂತ್ರಾಂಶ. ಅದರಲ್ಲಿ ಮಾದರಿ ಕಳಿಸುವ ಗುಂಡಿಯ ಕೆಳಗೆ ನಾಲ್ಕು ಮಾತು ಬರೆಯಲು ಜಾಗವಿದೆ. ಅಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ಡಾಕ್ಟ್ರಮ್ಮ ಓದುತ್ತಾಳೆ. "ಯಾರ ಮೈಯಿಂದ ಎಷ್ಟು ನೀರು ತೆಗೀಬೇಕು ಅನ್ನೋದೆಲ್ಲ ಇದರಲ್ಲೇ ಇದೆ. ಮಧ್ಯಾಹ್ನದ ಸರದಿಗೆ ಒಂಬತ್ತು ಜನ ಬರ್ತಾರೆ. ಅಂದಾಜಿನ ಮೇಲೆ ಮಾಡೋ ಕೆಲಸ ಅಲ್ಲ. ದಯವಿಟ್ಟು ಬೇಗ ನೋಡಿ" ಎಂದು ಬರೆದು, ನರ್ಸ್ ಫೋನ್ ನಂಬರು ಕೊಟ್ಟಿದ್ದಳು.

ಡಾಕ್ಟ್ರಮ್ಮ ಮದ್ದು ಬಿಡುಗಡೆಯ ಗುಂಡಿ ಒತ್ತಿದಳು. ಪರದೆಯಲ್ಲಿ ಎರಡು ಸಾಲು ಮೂಡಿದವು. ಹಣ ಕಟ್ಟುವ ಗ್ರಾಹಕರಿಗೆ ತಕ್ಷಣ. ಉಚಿತ ಬಳಕೆದಾರರಿಗೆ ಎಪ್ಪತ್ತೆರಡು ಗಂಟೆಯ ನಂತರ. ನಿಯಮ ಬಂದು ಹದಿನೈದು ದಿನವಾಗಿತ್ತು. ಸುತ್ತೋಲೆಯನ್ನು ಅವಳೂ ಓದಿದ್ದಳು. ಆದರೆ ಸುತ್ತೋಲೆಯಲ್ಲಿ ಆ ನರ್ಸ್ ಇರಲಿಲ್ಲ. ಅಷ್ಟರಲ್ಲಿ ಕೇಂದ್ರಕ್ಕೆ ಯಂತ್ರ ತಾನಾಗಿಯೇ ಉತ್ತರವನ್ನೂ ಕಳಿಸಿಬಿಟ್ಟಿತ್ತು: 'ನಮ್ಮ ತಜ್ಞರು ಮದ್ದು ಹುಡುಕುತ್ತಿದ್ದಾರೆ. ಕಾಯಲು ಆಗದಿದ್ದರೆ ಚಂದಾದಾರರಾಗಿ.'

ಅವಳು ನೆಟ್ಟಗೆ ಕಂಪನಿಯ ಯಜಮಾನನ ಗಾಜಿನ ಕೋಣೆಗೆ ಹೋದಳು. ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರೂ ಸೇರಿ ಶುರು ಮಾಡಿದ ಕೆಲಸ ಇದು. 'ಮದ್ದು ಸಿಕ್ಕ ದಿನವೇ ಎಲ್ಲರಿಗೂ' ಎಂದು ಅವನೇ ಗೋಡೆಗೆ ಬಣ್ಣದಲ್ಲಿ ಬರೆದಿದ್ದ. ಈಗ ಆರು ಮಹಡಿ. ಆ ಗೋಡೆಯ ತುಂಡನ್ನು ಕತ್ತರಿಸಿ ತಂದು ಕೆಳಗಿನ ಹಜಾರದಲ್ಲಿ ಗಾಜು ಹಾಕಿಸಿ ಇಟ್ಟಿದ್ದಾರೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

"ಏನಯ್ಯಾ ಇದು? ಮದ್ದು ಕೈಯಲ್ಲಿಟ್ಕೊಂಡು ಹುಡುಕ್ತಾ ಇದೀವಿ ಅಂತ ಸುಳ್ಳು ಹೇಳೋದಾ?"

"ಅಯ್ಯೋ ತಾಯಿ, ಮೊದಲು ಕೂತ್ಕೋ. ಎಲ್ಲರಿಗೂ ಇವತ್ತೇ ಬಿಟ್ಟಿ ಸಿಗೋದಾದ್ರೆ ದುಡ್ಡು ಕಟ್ಟೋರಿಗೇನು ಹುಚ್ಚಾ? ಆ ಕೇಂದ್ರದವರೂ ಚಂದಾ ಕಟ್ಟಲಿ, ಯಾರು ಬೇಡ ಅಂದ್ರು?"

"ಅವರ ಸಮಿತಿ ಸೇರಿ ಸಹಿ ಹಾಕೋಕೆ ವಾರ ಬೇಕು. ಒಂಬತ್ತು ಜನ ಊಟದ ಹೊತ್ತಿಗೆ ಬಂದು ಕೂತಿರ್ತಾರೆ. ಅಲ್ಲಯ್ಯಾ, ರೋಗ ಮೊದಲು ಬರೋದು ಬಿಟ್ಟಿಯವರಿಗೆ. ಮಾದರಿ ಕಳಿಸೋರೂ ಅವರೇ. ಅವರ ನೆತ್ತರಲ್ಲೇ ಮದ್ದು ಅರೆದು ಅವರನ್ನೇ ಬಾಗಿಲಾಚೆ ನಿಲ್ಲಿಸ್ತೀಯಲ್ಲ, ಅನ್ನ ಇಳಿಯುತ್ತಾ ನಿನಗೆ?"

ಯಜಮಾನ ನೊಂದವನಂತೆ ನಕ್ಕ. ಪರದೆಯನ್ನು ಅವಳ ಕಡೆ ತಿರುಗಿಸಿ, ಹದಿನೈದು ದಿನದಿಂದ ಮೇಲೇರುತ್ತಿದ್ದ ಚಂದಾದಾರರ ಲೆಕ್ಕದ ಗೆರೆ ತೋರಿಸಿದ. "ಅವರು ನಮ್ಮ ಕಾವಲು ಕಂಬಗಳು. ಊರೂರಲ್ಲೂ ಇದಾರೆ. ಈ ಕಂಪನಿ ಬೆಳೆದಿರೋದೇ ಹಾಗೆ."

"ಕಂಬಕ್ಕೆ ಡಯಾಲಿಸಿಸ್ ಬೇಕಾಗಲ್ಲ ಕಣಯ್ಯಾ."

ನಗು ನಿಂತಿತು. "ಮೂರು ದಿನದೊಳಗೆ ಮದ್ದು ಆಚೆ ಹೋದ್ರೆ ಕೆಲಸದ ಕಾರ್ಡ್ ಇಟ್ಟು ಹೋಗ್ಬೇಕಾಗುತ್ತೆ. ನೀನು ಅಂತ ನೋಡಲ್ಲ."

ಅವಳು ತನ್ನ ಮೇಜಿಗೆ ಬಂದು ಕೂತಳು. ಮದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ ದೇವರ ಮುಂದೆ ನಿಲ್ಲುವ ಮುಖ ಎಲ್ಲಿರುತ್ತದೆ? ಒಂದು ಗಳಿಗೆ ಕಣ್ಣು ಮುಚ್ಚಿದ್ದು, ಮೇಜಿನ ಫೋನ್ ಎತ್ತಿದಳು.

"ವೈರಸ್ ಕಂಪನಿಯಿಂದ ಮಾತಾಡ್ತಿದೀನಮ್ಮ."

"ವೈರಸ್ ಬಿಟ್ಟೋರಾ?" ನರ್ಸ್ ಸಿಡುಕಿದಳು.

"ಅಲ್ಲ… ಹಿಡಿಯೋರು. ನಲವತ್ತು ಅಂಕಿ ಇದೆ, ಐದೈದಾಗಿ ಹೇಳ್ತೀನಿ, ಬರ್ಕೋ."

"ತಡೀರಿ ಅಕ್ಕಾ. ನೀವು ಹೇಳಿದ್ದನ್ನ ನಾನು ತಿರುಗಿ ಓದ್ತೀನಿ. ಡಾಕ್ಟ್ರು ಫೋನಲ್ಲಿ ಔಷಧ ಹೇಳಿದ್ರೂ ನಾವು ಹಾಗೇ ಮಾಡೋದು."

ಡಾಕ್ಟ್ರಮ್ಮ ದನಿ ಏರಿಸಿ, ಬಿಡಿಸಿ ಬಿಡಿಸಿ ಹೇಳಿದಳು. ಸುತ್ತಲಿನ ಮೇಜುಗಳ ಕೀಲಿಮಣೆಗಳ ಸದ್ದು ಒಂದೊಂದಾಗಿ ನಿಂತಿತು. ಯಜಮಾನ ಕೋಣೆಯಿಂದ ಹೊರಗೆ ಬಂದ. ಆರನೆಯ ಸಾಲಿನಲ್ಲಿ ನರ್ಸ್ "ಮೂರು, ಎಂಟು, ಎಂಟು, ಒಂದು, ಸೊನ್ನೆ" ಎಂದಳು.

"ಸೊನ್ನೆ ಅಲ್ಲಮ್ಮ, ಆರು."

"ಆರು. ಹ್ಞಾಂ, ಮುಂದೆ."

ನಲವತ್ತೂ ಮುಗಿದ ಮೇಲೆ ಆ ಕಡೆ ಅಂಕಿಗಳನ್ನು ಒತ್ತುವ ಸದ್ದು ಕೇಳಿಸಿತು. ಆಮೇಲೆ ಕುರ್ಚಿ ಎಳೆದ ಸದ್ದು. "ಬಂತು… ಅಕ್ಕಾ, ಬಂತು! ಒಂಬತ್ತೂ ಹೆಸರು ಇದೆ!" ಮೂಗೊರೆಸಿಕೊಂಡಂತಾಯಿತು. "ಅಕ್ಕಾ, ಇನ್ನೂ ಎರಡು ಕೇಂದ್ರದವರು ಹೀಗೇ ತಲೆ ಮೇಲೆ ಕೈ ಹೊತ್ತು ಕೂತಿದಾರೆ. ಅವರಿಗೂ ಈ ಫೋನ್ ನಂಬರು ಕೊಡ್ಲಾ?"

ಯಜಮಾನ ಬೇಡವೆಂದು ತಲೆಯಾಡಿಸಿದ.

"ಕೊಡಮ್ಮ. ಅವರೂ ತಿರುಗಿ ಓದ್ಲಿ."

ಅವಳು ಕೊರಳಿನ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಳು. ಯಜಮಾನ ಪೆನ್ಸಿಲಿನ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಪರದೆಯಲ್ಲಿ ಎಪ್ಪತ್ತೊಂದು ಗಂಟೆ ಚಿಲ್ಲರೆ ಉಳಿದಿತ್ತು.

ಡಾಕ್ಟ್ರಮ್ಮನ ಮೇಜಿನ ಫೋನ್ ಹೊಡೆದುಕೊಳ್ಳತೊಡಗಿತು. ಯಾರೂ ಅಲುಗಲಿಲ್ಲ. ಐದನೆಯ ಸಲಕ್ಕೆ ಪಕ್ಕದ ಮೇಜಿನ ನರೆಗೂದಲಿನ ಹೆಂಗಸು ಎದ್ದು ಬಂದು ರಿಸೀವರ್ ಎತ್ತಿದಳು. ಯಜಮಾನನತ್ತ ನೋಡದೆ ಕುರ್ತಾದ ಎಡತೋಳನ್ನು ಮೇಲೆ ಸರಿಸಿದಳು. ಅಂಗೈಯಿಂದ ಮೊಣಕೈವರೆಗೂ ನೀಲಿ ಶಾಯಿಯಲ್ಲಿ ಐದೈದು ಅಂಕಿಗಳ ಎಂಟು ಸಾಲುಗಳಿದ್ದವು.