ಮುಚ್ಚಳದಲ್ಲಿದ್ದ ಬಾದಾಮಿ

ಜ್ವರ ಬಿಟ್ಟು ವಾರ ಕಳೆದರೂ ನಮ್ಮ ಮಾವನವರಿಗೆ ಊಟ ಸೇರುತ್ತಿರಲಿಲ್ಲ. ತಟ್ಟೆ ಕಂಡರೆ ಸಾಕು, ಗೋಡೆಯ ಕಡೆ ಹೊರಳಿಕೊಳ್ಳುವರು. “ಮಲಗಿರೋನಿಗೆ ಯಾಕಮ್ಮಾ ಶಕ್ತಿ? ಮಗ್ಗುಲು ಬದಲಾಯಿಸೋಕಾ?” ಎನ್ನುವರು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಹೋಗಿದ್ದರು.

ಆದರೆ ಮಾತ್ರೆಯ ವಿಷಯದಲ್ಲಿ ಅವರಷ್ಟು ಒಳ್ಳೆಯ ರೋಗಿ ಇನ್ನೊಬ್ಬರಿಲ್ಲ. ಖಾಲಿ ಔಷಧಿ ಬಾಟಲಿಗಳ ಮುಚ್ಚಳಗಳನ್ನು ತೊಳೆದಿಟ್ಟುಕೊಂಡು, ಆಯಾ ಹೊತ್ತಿನ ಮಾತ್ರೆಯನ್ನು ಅದರಲ್ಲಿ ಹಾಕಿ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಡುತ್ತಿದ್ದೆ. ಕನ್ನಡಕವನ್ನೂ ಹುಡುಕದೆ ಮುಚ್ಚಳ ಎತ್ತಿ ಬಾಯಿಗೆ ಸುರಿದುಕೊಳ್ಳುವರು. ಏನು, ಯಾಕೆ ಎಂಬ ಒಂದು ಮಾತಿಲ್ಲ.

ಭಾನುವಾರ ನಾನು ಬಟ್ಟೆ ಹಿಂಡುತ್ತಿದ್ದಾಗ ಮಗಳು ಗುಬ್ಬಿ ಬಂದು ನಿಂತಳು.

“ಅಮ್ಮಾ, ನಿನ್ನ ತಕ್ಕಡಿ, ಹೆಣಿಗೆ ಕಡ್ಡಿ, ಹಾಲಿನಪುಡಿ ಡಬ್ಬ, ಎಲ್ಲ ತಗೊಂಡೆ.”

“ಕೇಳ್ತಿದ್ದೀಯೋ ಹೇಳ್ತಿದ್ದೀಯೋ?”

“ಹೇಳ್ತಿದ್ದೀನಿ. ಬೆಂಕಿಪೆಟ್ಟಿಗೆ ಮಾತ್ರ ಕೇಳ್ತಿದ್ದೀನಿ.”

ತಿನ್ನುವ ಪದಾರ್ಥವನ್ನು ಉರಿಸಿ, ಆ ಬಿಸಿಯಲ್ಲಿ ನೀರು ಕಾಯಿಸಿ, ಅದರಲ್ಲಿ ಶಕ್ತಿ ಎಷ್ಟಿದೆ ಎಂದು ಅಳೆಯಬೇಕಂತೆ, ಶಾಲೆಯಲ್ಲಿ ಹೇಳಿಕಳಿಸಿದ್ದರು. ಅವಳು ಸಲಕರಣೆಯನ್ನೆಲ್ಲ ಹರಡಿದ್ದು ತಾತನ ಕೋಣೆಯಲ್ಲೇ. “ಊಟದಲ್ಲಿ ಏನಿದೆ ಅಂತ ತಾತನೇ ಕಣ್ಣಾರೆ ನೋಡಲಿ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನನಗೂ ಒಂದು ಆಸೆ ಹುಟ್ಟಿತು. ಕೈ ಒರೆಸಿಕೊಂಡು ಹೋದೆ.

ಎರಡು ಇಟ್ಟಿಗೆಗಳ ನಡುವೆ ಹೆಣಿಗೆ ಕಡ್ಡಿ, ಕಡ್ಡಿಗೆ ನೇತುಬಿದ್ದ ಡಬ್ಬ, ಡಬ್ಬದಲ್ಲಿ ನೂರು ಗ್ರಾಂ ನೀರು. ಕೆಳಗೆ ಬಿರಡೆಗೆ ಚುಚ್ಚಿದ ಸೂಜಿ, ಸೂಜಿಯ ತುದಿಗೆ ಒಂದು ಬಾದಾಮಿ. ಇನ್ನೆರಡು ಬಾದಾಮಿಗಳನ್ನೂ ತೂಗಿ ಮೇಜಿನ ಮೇಲೆ ಬೇರೆಬೇರೆಯಾಗಿ ಇಟ್ಟಿದ್ದಳು. ಯಾವುದರಲ್ಲಿ ಇಟ್ಟಿದ್ದಳು ಎಂದು ನಾನು ಗಮನಿಸಲಿಲ್ಲ.

ಬೆಂಕಿಕಡ್ಡಿ ಗೀರಿದೆ. ಬಾದಾಮಿ ಮೊದಲು ಮುನಿಸಿಕೊಂಡು ಹೊಗೆಯಾಡಿತು, ಆಮೇಲೆ ಎಣ್ಣೆ ದೀಪದ ಹಾಗೆ ಹೊತ್ತಿಕೊಂಡಿತು. ಉರಿದು ಕರಿಯಾದ ಮೇಲೆ ಗುಬ್ಬಿ ಥರ್ಮಾಮೀಟರ್ ನೋಡಿದಳು. ಒಂಬತ್ತೇ ಡಿಗ್ರಿ ಏರಿತ್ತು.

“ಪ್ಯಾಕೆಟ್ಟಿನ ಮೇಲೆ ಬರೆದಿರೋ ಲೆಕ್ಕಕ್ಕೂ ಇದಕ್ಕೂ ಅಜಗಜಾಂತರ! ಸುಳ್ಳು ಬರ್ದಿದ್ದಾರೆ!”

ಬಾಗಿಲಲ್ಲಿ ನಿಂತಿದ್ದ ನನ್ನ ಯಜಮಾನರು ತಲೆ ಎತ್ತಿ ತೋರಿಸಿದರು. “ಮೇಲೆ ಫ್ಯಾನ್ ತಿರುಗ್ತಾ ಇದೆಯಲ್ಲೇ. ನಿನ್ನ ಶಕ್ತಿಯೆಲ್ಲ ಅದೇ ತಿಂದು ದಪ್ಪ ಆಗ್ತಿದೆ.”

ಫ್ಯಾನ್ ನಿಲ್ಲಿಸಿ, ಸುತ್ತಲೂ ತಗಡಿನ ತಟ್ಟೆಗಳನ್ನು ಮರೆಗಿಟ್ಟು, ತಣ್ಣೀರು ಬದಲಾಯಿಸಿ ಎರಡನೆಯ ಬಾದಾಮಿ ಉರಿಸಿದೆವು. ಈ ಸಲ ಮೂವತ್ತೊಂದು!

ಗೋಡೆ ನೋಡುತ್ತಿದ್ದ ಮಾವ ಯಾವಾಗಲೋ ಈ ಕಡೆ ಹೊರಳಿದ್ದರು. “ಒಂದೇ ಬಾದಾಮಿನಾ?”

“ಒಂದೇ ತಾತಾ! ಇನ್ನೂ ಎಷ್ಟೋ ಬಿಸಿ ಗಾಳಿಗೆ ಹೋಯ್ತು. ಹೊಟ್ಟೆಗೆ ಹೋಗಿದ್ರೆ ಒಂದು ಚೂರೂ ವ್ಯರ್ಥ ಆಗ್ತಿರಲಿಲ್ಲ.”

“ಹೂಂ. ನಿನ್ನ ನೀರಿಗೇ ಕೊಡು. ಅದಕ್ಕಾದ್ರೂ ಕಾಯೋ ಕೆಲಸ ಇದೆ” ಎಂದು ಮತ್ತೆ ಗೋಡೆಗೆ ತಿರುಗಿದರು.

ಗುಬ್ಬಿಯ ಮುಖ ಸಣ್ಣದಾಯಿತು. ನನ್ನದೂ ಆಗಿರಬೇಕು. ಮೂರನೆಯ ಸಲಕ್ಕೆ ಮಸಿ ಹಿಡಿದ ಡಬ್ಬ ತೊಳೆದು ತರಲು ಇಬ್ಬರೂ ಅಡುಗೆಮನೆಗೆ ಹೋದೆವು.

ಹಿಂದಿರುಗಿದಾಗ ಮಾವ ಎದ್ದು ಕೂತು, ಹುಬ್ಬು ಗಂಟಿಕ್ಕಿ, ಕಟಕಟ ಅಗಿಯುತ್ತಿದ್ದರು. ಕೈಯಲ್ಲಿ ಔಷಧಿ ಬಾಟಲಿಯ ಮುಚ್ಚಳ.

“ಏನಮ್ಮಾ, ಮಧ್ಯಾಹ್ನದ ಮಾತ್ರೆ ಇಷ್ಟು ಗಟ್ಟಿ! ನುಂಗೋಕಾಗ್ದೆ ಅಗಿದುಬಿಟ್ಟೆ. ರುಚಿ ಪರವಾಗಿಲ್ಲ.”

“ಅಯ್ಯೋ, ಅದು ನಾನು ತೂಕ ಹಾಕಿ…” ಎಂದು ಚೀರಹೊರಟ ಗುಬ್ಬಿಯ ಕೈ ಹಿಡಿದು ಒತ್ತಿದೆ. ಅವಳು ನನ್ನ ಮುಖ ನೋಡಿದಳು, ಮುಚ್ಚಳ ನೋಡಿದಳು, ತಾತನ ಆಡುತ್ತಿದ್ದ ದವಡೆ ನೋಡಿದಳು. ಜಾಣೆ, ಬಿಡಿಸಿ ಹೇಳಬೇಕಾಗಲಿಲ್ಲ.

“ಅದು ಹೊಸ ಮಾತ್ರೆ ತಾತಾ. ಒಂದು ಹೊತ್ತಿಗೆ ಆರು. ಅಗಿದೇ ತಿನ್ನಬೇಕು.”

ಯಜಮಾನರು ಕೆಮ್ಮು ಬಂದವರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದರು. ನಾನು ಬಾದಾಮಿ ಪ್ಯಾಕೆಟ್ಟಿನಿಂದ ಉಳಿದ ಐದನ್ನು ತೆಗೆದು ಮುಚ್ಚಳಕ್ಕೆ ಹಾಕಿಕೊಟ್ಟೆ. ಮಾವ ಒಂದೊಂದಾಗಿ ಎಲ್ಲವನ್ನೂ ಮುಗಿಸಿ ನೀರು ಕುಡಿದರು. ಗುಬ್ಬಿ ಇನ್ನೊಂದು ಬಾದಾಮಿ ತೂಗಿ ಉರಿಸಿದಳು. ಈ ಸಲ ತಗಡಿನ ತಟ್ಟೆ ಸರಿಯಾಗಿ ಮರೆಯಾಗಿದೆಯೇ ಎಂದು ತಾತನೇ ಬಗ್ಗಿ ನೋಡಿ, “ಆ ಸಂದಿ ಮುಚ್ಚೇ, ಬಿಸಿ ಹೋಗ್ತಿದೆ” ಎಂದು ಗದರಿದರು.

ಸಂಜೆ ಬೇಯಿಸಿದ ಆಲೂಗಡ್ಡೆಯನ್ನು ಹಾಲು ಹಾಕಿ ಮಿದ್ದು, ಜಾಡಿಯ ಅಗಲ ಮುಚ್ಚಳದಲ್ಲಿ ಕೊಟ್ಟೆ. ಮರುಮಾತಿಲ್ಲದೆ ತಿಂದರು. ಮಾರನೆಯ ದಿನ ಸಣ್ಣ ಪಾತ್ರೆಯ ಮುಚ್ಚಳವನ್ನು ಅಂಗಾತ ಮಾಡಿ ಅದರಲ್ಲಿ ಅನ್ನವನ್ನೂ ಬೇಯಿಸಿದ ತರಕಾರಿಯನ್ನೂ ಬಡಿಸಿಕೊಂಡು ಹೋದೆ. ಗುಬ್ಬಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

ಮಾವ ಎದ್ದು ಕೂತರು. ನಿಧಾನವಾಗಿ ಕನ್ನಡಕ ಹುಡುಕಿ ಹಾಕಿಕೊಂಡರು. ಮುಚ್ಚಳವನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ಎರಡು ಜಡೆಗಳನ್ನೂ ನೋಡಿದರು. ಆಮೇಲೆ ಒಂದು ತುತ್ತು ಕಲಸಿ ಬಾಯಿಗಿಟ್ಟರು.

“ಈ ಔಷಧಿಗೆ ಸ್ವಲ್ಪ ಉಪ್ಪು ಕಡಿಮೆ ಆಯ್ತಮ್ಮಾ,” ಎಂದರು. “ನಾಳೆ ಇನ್ನೂ ದೊಡ್ಡ ಮುಚ್ಚಳ ಸಿಕ್ರೆ ನೋಡು.”